ಬಿಡುಗಡೆ ಆಗ್ಯಾದ, ಕಾಗದ ಎಲ್ಲಿ ಅದ?

ಈ ಪೇಜಿನಲ್ಲಿ ನಾವು ಹೆಚ್ಚಾಗಿ ಬರೆಯೋದು ಕನ್ನಡ ಶಾಲೆ, ಮೇಷ್ಟ್ರ ಹುದ್ದೆ, ನಾಮಫಲಕ, ಬಸ್ಸಿನ ಬೋರ್ಡು ಇಂಥವುಗಳ ಬಗ್ಗೆ. ಇವತ್ತು ಬರೆಯೋದು ಮನೆಯೊಳಗೆ ಮುಚ್ಚಿಡುವ ವಿಷಯ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಮೂರೂ ಕಡೆ ಗಡಿ ದಾಟಿ ಹೆಣ್ಣು ಕೊಡೋದು, ತರೋದು ನಮ್ಮಲ್ಲಿ ಹೊಸದಲ್ಲ. ಬೀದರ್, ಹುಮನಾಬಾದ್, ಔರಾದ್, ಚಿಂಚೋಳಿ, ಸೇಡಂ ಎಲ್ಲ ನಮ್ಮ ಬೀಗರ ಊರುಗಳೇ. ಮದುವೆ ಮುರಿದಾಗಲೂ ಕೇಸು ಗಡಿಯ ಒಂದು ಬದಿಯಲ್ಲಿ ನಡೆಯುತ್ತೆ, ಹೆಣ್ಣುಮಗಳು ಇನ್ನೊಂದು ಬದಿಯ ತವರಿಗೆ ಬಂದು ಕೂತಿರುತ್ತಾಳೆ. ಕೋರ್ಟಿನ ಕಾಗದ ಮಾತ್ರ ಇಬ್ಬರ ಕೈಗೂ ಸಿಗದೆ ಎಲ್ಲೋ ಒಂದು ರೆಕಾರ್ಡ್ ರೂಮಿನಲ್ಲಿ ಉಳಿದುಬಿಡುತ್ತೆ.

ಸ್ವಲ್ಪ ದಿನಗಳ ಹಿಂದೆ ನಮ್ಮ ಬ್ರಾಂಚಿನ ಕೌಂಟರಿಗೆ ಒಬ್ಬ ಅಕ್ಕ ಬಂದಿದ್ದರು. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.) ತಾಂಡೂರು ಕಡೆಯವರು, ವಯಸ್ಸು ನಲವತ್ತು ದಾಟಿತ್ತು. ಮೊದಲು ಕೇಳಿದ್ದು "ಸಾರ್, ನಿಮಗ ಕನ್ನಡ ಬರ್ತದೇನ್ರಿ?" ಅಂತ. ಬರ್ತದ ಅಕ್ಕ, ಹೇಳ್ರಿ ಅಂದ ಮೇಲೆ ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟು ತೆಗೆದರು. "ನಮ್ಮಪ್ಪ ರೈಲ್ವೆದಾಗ ಗ್ಯಾಂಗ್‌ಮನ್ ಇದ್ದ. ಅಪ್ಪನೂ ಹೋದ, ಅವ್ವನೂ ಹೋದಳು. ಪಿಂಚಣಿ ನನಗ ಬರ್ತದಂತ. ಬಿಡುಗಡೆ ಕಾಗದ ತರ್ರಿ ಅಂತಾರ. ಇದೇ ನೋಡ್ರಿ ಕಾಗದ."

ಅವರು ಕೊಟ್ಟದ್ದು ಒಂದು ಅರ್ಧ ಹಾಳೆಯ ಜೆರಾಕ್ಸು. ಮೇಲಿನ ಭಾಗ ಕತ್ತರಿಸಿ ಹೋಗಿದೆ. ಯಾವ ಕೋರ್ಟು ಅಂತಿಲ್ಲ, ಕೇಸ್ ನಂಬರ್ ಇಲ್ಲ, ಸೀಲು ಅನ್ನೋದು ಒಂದು ಕಪ್ಪು ಗುಂಡು. ಯಾವ ಕೋರ್ಟಿನಾಗ ಆಗಿತ್ತು ಅಕ್ಕ ಅಂತ ಕೇಳಿದರೆ, "ಬಸ್‌ಸ್ಟ್ಯಾಂಡ್‌ನಿಂದ ನಡೆದು ಹೋಗಿದ್ವಿ, ದೊಡ್ಡ ಬೇವಿನ ಗಿಡ ಇತ್ತು" ಅಂದರು. ವಕೀಲರ ಹೆಸರು ಗೊತ್ತಿಲ್ಲ. ಎಲ್ಲ ಗಂಡನ ಮನೆಯವರೇ ನೋಡಿಕೊಂಡಿದ್ದರು. ಇವರು ಎರಡು ಸಲ ಹೋಗಿ ಸಹಿ ಹಾಕಿ, ಸಾಹೇಬರ ಮುಂದೆ ನಿಂತು "ಹೌದ್ರಿ" ಅಂದು ಬಂದಿದ್ದರು. ಅಷ್ಟೇ.

ಇಂಥವರು ನಿಮ್ಮ ಓಣಿಯಲ್ಲೂ ಇದ್ದಾರೆ. ಒಮ್ಮೆ ನೆನಪು ಮಾಡಿಕೊಳ್ಳಿ.

ಪಿಂಚಣಿ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಈ ಕಾಗದದ ಬೆಲೆ ಅಲ್ಲೇ ಗೊತ್ತಾಗುತ್ತೆ. ಕೇಂದ್ರ ಸರ್ಕಾರದ ನೌಕರರ ವಿಚ್ಛೇದಿತ ಮಗಳಿಗೆ, ತಂದೆ ತಾಯಿ ಇಬ್ಬರೂ ತೀರಿದ ಮೇಲೆ, ಆಕೆ ಅವರನ್ನೇ ನಂಬಿ ಬದುಕಿದ್ದರೆ ಕುಟುಂಬ ಪಿಂಚಣಿ ಸಿಗುತ್ತೆ. 2017ರ ಜುಲೈ 19ರ ಆದೇಶದಲ್ಲಿ ಇನ್ನೊಂದು ಸಡಿಲಿಕೆ ಬಂತು. ಡಿಕ್ರಿ ಬಂದದ್ದು ತಂದೆ ತಾಯಿ ತೀರಿದ ಮೇಲೆ ಆಗಿದ್ದರೂ ಪರವಾಗಿಲ್ಲ, ಕೇಸು ದಾಖಲಾದದ್ದು ಅವರಲ್ಲಿ ಒಬ್ಬರಾದರೂ ಬದುಕಿದ್ದಾಗ ಆಗಿದ್ದರೆ ಸಾಕು. ಅಂದರೆ ಬರೀ "ವಿಚ್ಛೇದನ ಆಗಿದೆ" ಅಂದರೆ ಮುಗಿಯಲ್ಲ. ಅರ್ಜಿ ಯಾವ ತಾರೀಖು ದಾಖಲಾಯಿತು, ತೀರ್ಪು ಯಾವ ತಾರೀಖು ಬಂತು, ಈ ಎರಡು ತಾರೀಖು ಕೋರ್ಟಿನ ಸೀಲಿನ ಕೆಳಗೆ ಇರಬೇಕು. ಆ ಅಕ್ಕನ ಜೀವಮಾನದ ಪಿಂಚಣಿ ಹರಿದುಹೋದ ಆ ಮೇಲಿನ ಅರ್ಧ ಹಾಳೆಯಲ್ಲಿತ್ತು.

ಹಾಗಾದರೆ ಹುಡುಕೋದು ಎಲ್ಲಿಂದ? ನಾನು ವಕೀಲ ಅಲ್ಲ, ಬಿ.ಕಾಂ. ಓದಿ ಕೌಂಟರಿನಲ್ಲಿ ಕೂತವನು. ಆದರೆ ಲೆಜರಿನಲ್ಲಿ ತಪ್ಪಿದ ಎಂಟ್ರಿ ಹುಡುಕೋದು ನನ್ನ ದಿನದ ಕೆಲಸ, ಇದೂ ಅದೇ ಥರ. ಮೊದಲು ಕೋರ್ಟು ಯಾವುದು ಅಂತ ಗೊತ್ತಾಗಬೇಕು. ಹಿಂದೂ ವಿವಾಹ ಕಾಯ್ದೆ 1955ರ 19ನೇ ಕಲಂ ಪ್ರಕಾರ ಕೇಸು ಹಾಕಬಹುದಾದ ಜಾಗ ಮುಖ್ಯವಾಗಿ ನಾಲ್ಕು: ಮದುವೆ ನಡೆದ ಊರು, ಎದುರುಗಾರರು ಇರುವ ಊರು, ಗಂಡ ಹೆಂಡತಿ ಕೊನೆಗೆ ಕೂಡಿ ಬಾಳಿದ ಊರು, ಮತ್ತು ಕೇಸು ಹಾಕಿದವಳು ಹೆಂಡತಿಯಾದರೆ ಅವಳು ಈಗ ಇರುವ ಊರು. ಈ ಕೊನೆಯದು ಸೇರಿದ್ದು 2003ರ ತಿದ್ದುಪಡಿಯಲ್ಲಿ. ಹಾಗಾಗಿ 2003ಕ್ಕಿಂತ ಹಿಂದೆ ಹೆಂಡತಿಯೇ ಹಾಕಿದ ಕೇಸಾದರೆ, ಹೆಣ್ಣುಮಗಳು ತವರಿನಲ್ಲಿದ್ದಳು ಅನ್ನೋ ಒಂದೇ ಕಾರಣಕ್ಕೆ ಸಂಗಾರೆಡ್ಡಿ, ವಿಕಾರಾಬಾದ್ ಕಡೆ ಹುಡುಕೋದು ವ್ಯರ್ಥ. ಗಂಡನ ಊರಿನ ಕಡೆಯಿಂದ ಶುರು ಮಾಡಿ. ಮದುವೆ ನಡೆದ ಊರನ್ನೂ ಮರೆಯಬೇಡಿ. ಝರಾಸಂಗಮದ ಕೇತಕಿ ಸಂಗಮೇಶ್ವರ ಗುಡಿಯಲ್ಲಿ ತಾಳಿ ಕಟ್ಟಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಗ ಹುಡುಗ ಬೀದರಿನವನು, ಹುಡುಗಿ ಚಿಂಚೋಳಿಯವಳು ಆಗಿದ್ದರೂ ಕೇಸು ನಮ್ಮ ಕಡೆ ಬಂದಿರಬಹುದು.

ನಮ್ಮ ತಾಲೂಕುಗಳ ಹಣೆಬರಹವೂ ಹುಡುಕಾಟಕ್ಕೆ ಅಡ್ಡ ಬರುತ್ತೆ. 1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗ ಜಿಲ್ಲೆಯದು. ಜಹೀರಾಬಾದ್ ತಾಲೂಕಿನಲ್ಲಿ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದದ್ದೆಲ್ಲ, ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲ್ ಸಮೇತ, ಆಂಧ್ರಪ್ರದೇಶಕ್ಕೆ ಹೋಯಿತು. ಆಮೇಲೆ ಮೆದಕ್ ಜಿಲ್ಲೆ, 2016ರ ಅಕ್ಟೋಬರ್ 11ರಿಂದ ಸಂಗಾರೆಡ್ಡಿ ಜಿಲ್ಲೆ. ತಾಂಡೂರು ರಂಗಾರೆಡ್ಡಿಯಲ್ಲಿದ್ದು ಅದೇ ದಿನ ವಿಕಾರಾಬಾದ್ ಜಿಲ್ಲೆಗೆ ಸೇರಿತು. ಕೋರ್ಟುಗಳ ಜಿಲ್ಲೆ ಬೇರೆಯಾದದ್ದು ಅದಕ್ಕೂ ತಡವಾಗಿ, 2022ರ ಜೂನ್ 2ಕ್ಕೆ. ಅದಕ್ಕೇ ಹಳೆಯ ಕಾಗದದಲ್ಲಿ "ಮೆದಕ್" ಅಂತ ಇದ್ದರೆ ಬಸ್ಸು ಹತ್ತಿ ಮೆದಕ್ ಪಟ್ಟಣಕ್ಕೆ ಹೋಗಬೇಡಿ, ಆ ಜಿಲ್ಲಾ ಕೋರ್ಟು ಇದ್ದದ್ದು ಸಂಗಾರೆಡ್ಡಿಯಲ್ಲೇ. ತಾಂಡೂರಿನವರ ಹಳೇ ಕಾಗದದಲ್ಲಿ "ರಂಗಾರೆಡ್ಡಿ" ಅಂತ ಕಂಡರೆ ಹೆದರಬೇಕಿಲ್ಲ, ಮೊದಲು ವಿಕಾರಾಬಾದಿನಲ್ಲಿ ವಿಚಾರಿಸಿ, ಅಲ್ಲಿಲ್ಲ ಅಂದರೆ ಎಲ್ಲಿದೆ ಅಂತ ಅವರೇ ಹೇಳಬೇಕು. ಇನ್ನೊಂದು ಮಾತು: ವಿಚ್ಛೇದನ ಜೂನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಆಗುವ ಕೆಲಸ ಅಲ್ಲ. ಸೀನಿಯರ್ ಸಿವಿಲ್ ಜಡ್ಜ್, ಜಿಲ್ಲಾ ಕೋರ್ಟು ಅಥವಾ ಫ್ಯಾಮಿಲಿ ಕೋರ್ಟು, ಹುಡುಕಬೇಕಾದದ್ದು ಇಲ್ಲಿ.

ಈಗ ಫೋನಿನ ಕೆಲಸ, ಅಂದರೆ ನಿಮ್ಮ ಕೆಲಸ. ಇ-ಕೋರ್ಟ್ಸ್ ಅನ್ನೋ ಸರ್ಕಾರಿ ವೆಬ್‌ಸೈಟು, ಅದರದೇ ಆ್ಯಪು ಇದೆ. ದುಡ್ಡು ಕೊಡಬೇಕಿಲ್ಲ. ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ, ಪಾರ್ಟಿಯ ಹೆಸರು, ವರ್ಷ ಹಾಕಿ ಹುಡುಕಬಹುದು. ಮುಗಿದ ಕೇಸು ಬೇಕು ಅಂತ ಆರಿಸೋದನ್ನು ಮರೆತರೆ ಏನೂ ಸಿಗಲ್ಲ. ಸಿಕ್ಕರೆ ಆ ಕೇಸಿಗೆ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ನಂಬರ್ ಇರುತ್ತೆ, ಕರ್ನಾಟಕದ್ದು ಕೆ.ಎ. ಅಂತ, ತೆಲಂಗಾಣದ್ದು ಟಿ.ಎಸ್. ಅಂತ ಶುರುವಾಗುತ್ತೆ. ಅದನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗೀತು. ಕೇಸಿನ ಜಾತಿಯೂ ಎರಡು ಕಡೆ ಬೇರೆ. ಕರ್ನಾಟಕದಲ್ಲಿ ಎಂ.ಸಿ. ಅಂತಾರೆ. ನಮ್ಮಲ್ಲಿ ಓ.ಪಿ., ಎಚ್.ಎಂ.ಓ.ಪಿ., ಫ್ಯಾಮಿಲಿ ಕೋರ್ಟಾದರೆ ಎಫ್.ಸಿ.ಓ.ಪಿ. ಸೇಡಂನಲ್ಲಿ ಕೂತು ಓ.ಪಿ. ನಂಬರ್ ಕೇಳಿದರೆ ಅಲ್ಲಿನ ಗುಮಾಸ್ತರು ನಿಮ್ಮ ಮುಖ ನೋಡ್ತಾರೆ.

ಹೆಸರಿನ ವಿಷಯದಲ್ಲಿ ನಾವು ಮೂರು ದಿನ ಒದ್ದಾಡಿದೆವು. ಆ ಅಕ್ಕನ ಹೆಸರು ಆಧಾರಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ತೆಲುಗಿನಿಂದ ಇಂಗ್ಲಿಷಿಗೆ ಬಂದು ಇನ್ನೊಂದು ಥರ. ಇಲ್ಲಿ ಮನೆಹೆಸರು ಮುಂದೆ ಬರುತ್ತೆ, ಆಚೆ ಕಡೆ ಗಂಡನ ಹೆಸರು, ಊರ ಹೆಸರು ಹಿಂದೆ ಬರುತ್ತೆ. ಶರಣಮ್ಮ ಅಂತ ಇದ್ದರೆ ಇಂಗ್ಲಿಷಿನಲ್ಲಿ ಅದು ಶರ್ಣಮ್ಮ ಆಗಿರುತ್ತೆ, ಜಗದೇವಿ ಜಗ್‌ದೇವಿ ಆಗಿರುತ್ತೆ. ಕೋರ್ಟಿನ ಟೈಪಿಸ್ಟು ಕಿವಿಗೆ ಬಿದ್ದಂತೆ ಹೊಡೆದಿರುತ್ತಾನೆ, ಕಂಪ್ಯೂಟರಿಗೆ ಏರಿಸಿದವನು ಕಣ್ಣಿಗೆ ಬಿದ್ದಂತೆ. ಪೂರ್ತಿ ಹೆಸರು ಹಾಕಿದರೆ ಸಿಗೋದಿಲ್ಲ. ಮೊದಲ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ಬಂದ ಪಟ್ಟಿಯನ್ನು ಕಣ್ಣಿಂದ ಓದಿ. ಹೆಂಡತಿ ಹೆಸರಿನಲ್ಲಿ ಸಿಗದಿದ್ದರೆ ಗಂಡನ ಹೆಸರಿನಲ್ಲಿ ಹುಡುಕಿ. ನಮಗೆ ಸಿಕ್ಕದ್ದೂ ಹಾಗೆಯೇ, ಗಂಡನ ಹೆಸರಿನ ಮೊದಲ ನಾಲ್ಕು ಅಕ್ಷರದಿಂದ, ಗಡಿಯಾಚೆಯ ಒಂದು ತಾಲೂಕು ಕೋರ್ಟಿನಲ್ಲಿ. ವರ್ಷವೂ ಅಕ್ಕ ಹೇಳಿದ್ದಕ್ಕಿಂತ ಎರಡು ವರ್ಷ ಹಿಂದಿನದು. "ದೊಡ್ಡ ಮಗ ಸಾಲಿಗಿ ಸೇರಿದ ವರ್ಷ" ಅಂತ ನೆನಪಿಟ್ಟವರಿಗೆ ಇಸವಿ ತಪ್ಪೋದು ಸಹಜ.

ಕಂಪ್ಯೂಟರಿನಲ್ಲಿ ಸಿಗಲಿಲ್ಲ ಅಂದರೆ ಕೇಸೇ ಇರಲಿಲ್ಲ ಅಂತಲ್ಲ. ಹಳೆಯವು ಎಷ್ಟೋ ಏರಿಸಿರೋದಿಲ್ಲ. ಆಗ ಕೋರ್ಟಿಗೇ ಹೋಗಿ ವರ್ಷದ ರಿಜಿಸ್ಟರು ನೋಡಿಸಬೇಕು. ಒಬ್ಬ ಪರಿಚಯದ ವಕೀಲರು ಜೊತೆಗಿದ್ದರೆ ಈ ಕೆಲಸ ಬೇಗ ಆಗುತ್ತೆ. ದುಡ್ಡಿಲ್ಲ ಅನ್ನುವವರು ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬೇಕು. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯದ ಮಿತಿ ಇಲ್ಲ. ಫೋನ್ ನಂಬರ್ 15100.

ಸ್ಕ್ರೀನಿನ ಮೇಲೆ ಕೇಸು ಕಂಡ ಕೂಡಲೇ ಸಿಹಿ ಹಂಚಬೇಡಿ, ಅದು ಹೇಗೆ ಮುಗಿದಿದೆ ಅಂತ ಓದಿ. ನಮ್ಮ ಜನಕ್ಕೆ "ಕೇಸು ಮುಗೀತು" ಅಂದರೆ ವಿಚ್ಛೇದನ ಆಯಿತು ಅಂತಲೇ ಅರ್ಥ. ಎಷ್ಟೋ ಕೇಸು ಯಾರೂ ಹಾಜರಾಗದೆ ವಜಾ ಆಗಿರುತ್ತವೆ. ಅಂದರೆ ಅವರಿನ್ನೂ ಗಂಡ ಹೆಂಡತಿ. ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮುಗಿದದ್ದು 498ಎ ಕೇಸೋ, ಜೀವನಾಂಶದ ಕೇಸೋ ಆಗಿರಬಹುದು. ಅದರಿಂದ ಮದುವೆ ಮುರಿಯೋದಿಲ್ಲ. ಕೌಟುಂಬಿಕ ಹಿಂಸೆಯ ಕೇಸಿನ ಆದೇಶವೂ ವಿಚ್ಛೇದನ ಅಲ್ಲ, ವಕೀಲರ ನೋಟಿಸೂ ಅಲ್ಲ, ಠಾಣೆಯಲ್ಲಿ ಬರೆಸಿದ ಒಪ್ಪಂದ ಮೊದಲೇ ಅಲ್ಲ.

ಇನ್ನು ಬಾಂಡ್ ಪೇಪರ್. ಇದನ್ನು ನಾನು ಕೌಂಟರಿನಲ್ಲಿ ನೋಡಿದಷ್ಟು ಬೇರೆ ಯಾವ ಕಾಗದವನ್ನೂ ನೋಡಿಲ್ಲ. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಐದು ಮಂದಿ ಹಿರಿಯರು ಸಹಿ ಮಾಡಿ, ನೋಟರಿ ಸೀಲು ಹೊಡೆಸಿ, "ಇಂದಿನಿಂದ ಇಬ್ಬರಿಗೂ ಸಂಬಂಧವಿಲ್ಲ" ಅಂತ ಬರೆದಿರುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಸೋಡಚೀಟಿ ಅಂತಿದ್ದರು, ಸೋಡಚೀಟಿ ಆದವಳಿಗೆ ಉಡಿಕಿ ಆಗುತ್ತಿತ್ತು, ಊರು ಒಪ್ಪುತ್ತಿತ್ತು. ಆ ರೂಢಿಯನ್ನು ನಾನು ಹಗುರವಾಗಿ ಮಾತಾಡಲಾರೆ. ಎಷ್ಟೋ ಹೆಣ್ಣುಮಕ್ಕಳಿಗೆ ಕೋರ್ಟು ಕೊಡದ ಬಿಡುಗಡೆಯನ್ನು ಅದು ಒಂದೇ ದಿನದಲ್ಲಿ ಕೊಟ್ಟಿದೆ. ಕಾಯ್ದೆಯ 29ನೇ ಕಲಂ ಕೂಡ ಸಮುದಾಯದ ರೂಢಿಯಿಂದ ಬಂದ ವಿಚ್ಛೇದನವನ್ನು ಅಳಿಸಿಲ್ಲ. ಆದರೆ ಆ ರೂಢಿ ನಿಮ್ಮ ಸಮುದಾಯದಲ್ಲಿ ತಲೆತಲಾಂತರದಿಂದ ಇತ್ತು ಅಂತ ಸಾಬೀತು ಮಾಡುವ ಭಾರ ನಿಮ್ಮ ಮೇಲೆ, ಅದೂ ಕೋರ್ಟಿನಲ್ಲಿ. ಪಿಂಚಣಿ ಆಫೀಸಿನ ಗುಮಾಸ್ತರ ಮುಂದೆ ಅದು ನಡೆಯಲ್ಲ. ರೂಢಿಯೇ ಇಲ್ಲದ ಜಾತಿಯವರು ಬರೆಸಿಕೊಂಡ ಬಾಂಡಿಗೆ ಬಾಂಡಿನ ಖರ್ಚಿನಷ್ಟೂ ಬೆಲೆಯಿಲ್ಲ. ಅಂಥ ಬಾಂಡನ್ನು ನಂಬಿ ಎರಡನೇ ಮದುವೆ ಮಾಡಿಕೊಂಡರೆ ಆ ಮದುವೆ ಅಸಿಂಧು, ಮೇಲಾಗಿ ಅಪರಾಧ. ಹಿಂದೆ ಐ.ಪಿ.ಸಿ. 494 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 82, ಏಳು ವರ್ಷದವರೆಗೆ ಶಿಕ್ಷೆ. ಮೊದಲ ಮದುವೆ ಮುಚ್ಚಿಟ್ಟಿದ್ದರೆ ಹತ್ತು.

ಜೆರಾಕ್ಸ್ ನಂಬಿ ಕೆಟ್ಟವರ ಕಥೆ ಒಂದಿದೆ, ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ಒಬ್ಬಾತ ಅಮೆರಿಕಕ್ಕೆ ಹೋಗಿ, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಕೋರ್ಟಿನಲ್ಲಿ 1980ರಲ್ಲಿ ವಿಚ್ಛೇದನ ಪಡೆದ. ಮರುವರ್ಷ ಬಂದು ನಮ್ಮ ಯಾದಗಿರಿಗುಟ್ಟದಲ್ಲಿ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ಕೇಸು ಹಾಕಿದಾಗ ಅವನು ತೋರಿಸಿದ್ದು ಅಮೆರಿಕದ ತೀರ್ಪಿನ ಫೋಟೋಸ್ಟಾಟ್. ಕೆಳಗಿನ ಮ್ಯಾಜಿಸ್ಟ್ರೇಟರು ಅದನ್ನೇ ನಂಬಿ ಬಿಟ್ಟುಬಿಟ್ಟರು. ಹೈಕೋರ್ಟು ಒಪ್ಪಲಿಲ್ಲ. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ: ದೃಢೀಕರಣವಿಲ್ಲದ ಫೋಟೋಸ್ಟಾಟ್ ಸಾಕ್ಷ್ಯಕ್ಕೆ ನಿಲ್ಲೋದಿಲ್ಲ, ಅದೂ ಅಲ್ಲದೆ ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣದ ಮೇಲೆ ವಿದೇಶದ ಕೋರ್ಟು ಕೊಟ್ಟ ವಿಚ್ಛೇದನ ಇಲ್ಲಿ ಒಪ್ಪಿತವಲ್ಲ ಅಂತ ಹೇಳಿತು. ಅಷ್ಟು ದೂರದ ಕೌಂಟಿ ಕೋರ್ಟಿನ ಜೆರಾಕ್ಸಿಗೇ ಈ ಗತಿ ಆದಮೇಲೆ, ಅಕ್ಕನ ಅರ್ಧ ಹಾಳೆಯನ್ನು ಆಫೀಸಿನವರು ಪಕ್ಕಕ್ಕೆ ಸರಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಬೇಕಾದದ್ದು ದೃಢೀಕೃತ ನಕಲು, ಕೋರ್ಟಿನವರ ಬಾಯಲ್ಲಿ ಸರ್ಟಿಫೈಡ್ ಕಾಪಿ. ನಿಜ ಹೇಳಬೇಕೆಂದರೆ ಅದು ಮೊದಲ ದಿನವೇ ಪುಕ್ಕಟೆ ಸಿಗಬೇಕಾದ್ದು. ಕಾಯ್ದೆಯ 23(4)ನೇ ಕಲಂ ಓದಿ: ವಿಚ್ಛೇದನದ ಡಿಕ್ರಿ ಕೊಟ್ಟ ಕೋರ್ಟು ಅದರ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕು. ಇಬ್ಬರಿಗೂ, ಅಂದರೆ ಹೆಂಡತಿಗೂ ಬೇರೆ ಪ್ರತಿ. ಈ ಮಾತು ಗೊತ್ತಿದ್ದ ಒಬ್ಬ ಹೆಣ್ಣುಮಗಳನ್ನೂ ನಾನು ಇಲ್ಲಿಯವರೆಗೆ ಕಂಡಿಲ್ಲ. ಕಾಪಿ ವಕೀಲರ ಫೈಲಿನಲ್ಲೋ, ಬೀಗರ ಟ್ರಂಕಿನಲ್ಲೋ ಉಳಿಯುತ್ತೆ. ಈಗ ಯಾರದಾದರೂ ಕೇಸು ನಡೆಯುತ್ತಿದ್ದರೆ ಇಷ್ಟೊಂದು ನೆನಪಿಸಿ: ತೀರ್ಪಿನ ದಿನ ನನ್ನ ಪ್ರತಿ ನನಗೆ ಬೇಕು ಅಂತ ಬಾಯಿಬಿಟ್ಟು ಕೇಳಲಿ.

ವರ್ಷಗಳ ಮೇಲೆ ಕೇಳುವವರು ಕಾಪಿ ಅರ್ಜಿ ಹಾಕಬೇಕು. ಕೋರ್ಟಿನಲ್ಲಿ ನಕಲು ವಿಭಾಗ ಅಂತ ಇರುತ್ತೆ. ಕೇಸ್ ನಂಬರ್, ಇಬ್ಬರ ಹೆಸರು, ತೀರ್ಪಿನ ತಾರೀಖು ಬರೆದು, ಕೋರ್ಟ್ ಫೀ ಸ್ಟಾಂಪ್ ಹಚ್ಚಿ, ಗುರುತಿನ ಚೀಟಿ ಕೊಟ್ಟು ಅರ್ಜಿ ಸಲ್ಲಿಸೋದು. ತೀರ್ಪು, ಡಿಕ್ರಿ ಎರಡನ್ನೂ ಕೇಳಿ. ತೀರ್ಪಿನಲ್ಲಿ ಯಾಕೆ ಅನ್ನೋದು ಇರುತ್ತೆ, ಡಿಕ್ರಿಯಲ್ಲಿ ಏನಾಯಿತು ಅನ್ನೋದು ಎರಡು ಸಾಲಿನಲ್ಲಿ ಇರುತ್ತೆ, ಆಫೀಸಿನವರು ನೋಡೋದು ಹೆಚ್ಚಾಗಿ ಡಿಕ್ರಿಯನ್ನೇ. ಪುಟದ ಲೆಕ್ಕದಲ್ಲಿ ಆಮೇಲೆ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಆ ನೋಟಿಸು ಬೋರ್ಡಿಗೆ ಹಚ್ಚಿದ್ದನ್ನು ನೋಡದೆ ಮನೆಯಲ್ಲಿ ಕೂತರೆ ಅರ್ಜಿ ಬಿದ್ದುಹೋಗಬಹುದು. ಫೈಲು ರೆಕಾರ್ಡ್ ರೂಮಿಗೆ ಹೋಗಿದ್ದರೆ ಕೆಲವು ವಾರ ಹಿಡಿಯುತ್ತೆ. ಆ ಅಕ್ಕ ತಮ್ಮನ ಜೊತೆ ಮೂರು ಸಲ ಓಡಾಡಬೇಕಾಯಿತು. ಮಾಹಿತಿ ಹಕ್ಕಿನಲ್ಲಿ ಹಾಕಿದರೆ ಬೇಗ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೋರ್ಟಿನ ಕೇಸಿನ ಕಾಗದವನ್ನು ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು ಅಂತ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ.

ಬೇರೆಯವರ ಕಾಪಿ ನಾವು ತೆಗೆಯಬಹುದಾ ಅಂತ ಹುಡುಗರು ಕೇಳ್ತಾರೆ. ಅಕ್ಕನಿಗೋ ತಂಗಿಗೋ ಗಂಡು ನೋಡುವಾಗ ಈ ಪ್ರಶ್ನೆ ಬರುತ್ತೆ: "ಹುಡುಗನಿಗೆ ಮೊದಲೊಂದು ಆಗಿತ್ತು, ಬಿಡುಗಡೆ ಆಗ್ಯಾದಂತ." ಅಮೆರಿಕದ ಎಷ್ಟೋ ಕೌಂಟಿಗಳಲ್ಲಿ ಯಾರು ಬೇಕಾದರೂ ಹೋಗಿ ಗುಮಾಸ್ತರ ಹತ್ತಿರ ವಿಚ್ಛೇದನದ ದಾಖಲೆ ಕೇಳಬಹುದು. ನಮ್ಮಲ್ಲಿ ಹಾಗಿಲ್ಲ. 22ನೇ ಕಲಂ ಪ್ರಕಾರ ಇಂಥ ಕೇಸು ಮುಚ್ಚಿದ ಕೋಣೆಯಲ್ಲಿ ನಡೆಯುತ್ತೆ, ಅದರ ವಿವರ ಅಚ್ಚು ಹಾಕೋದು ಅಪರಾಧ. ಮೂರನೆಯವರು ನಕಲು ಕೇಳಿದರೆ ಯಾಕೆ ಬೇಕು ಅಂತ ಅಫಿಡವಿಟ್ ಕೊಡಬೇಕು, ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟದ್ದು. ನನ್ನ ಮಟ್ಟಿಗೆ ಇದು ಸರಿಯಾದ ನಿಯಮವೇ. ಒಂದು ಹೆಣ್ಣುಮಗಳ ಸಂಸಾರದ ಗೋಳು ವಾಟ್ಸಾಪ್ ಗುಂಪಿನಲ್ಲಿ ಹರಿದಾಡಬಾರದು. ಆದ್ದರಿಂದ ನೇರ ದಾರಿ ಹಿಡಿಯಿರಿ. ಗಂಡಿನ ಕಡೆಯವರನ್ನೇ ಡಿಕ್ರಿಯ ದೃಢೀಕೃತ ನಕಲು ತರಲು ಹೇಳಿ, ಸಿ.ಎನ್.ಆರ್. ನಂಬರ್ ಹಾಕಿ ನೀವೇ ತಾಳೆ ನೋಡಿ. ಮೇಲ್ಮನವಿಯ ಅವಧಿ ಮುಗಿದಿದೆಯಾ, ಮೇಲ್ಮನವಿ ಬಾಕಿ ಇದೆಯಾ ಅಂತಲೂ ಕೇಳಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು 90 ದಿನ. ಕೇಳಿದರೆ ಸಿಟ್ಟಾಗುವ ಬೀಗರು ಆಮೇಲೂ ಸಿಟ್ಟಾಗುವವರೇ.

ಏಕಪಕ್ಷೀಯ ತೀರ್ಪಿನ ವಿಷಯ ಇದಕ್ಕಿಂತ ಕಹಿ. ಗಂಡ ಆಚೆ ರಾಜ್ಯದ ಕೋರ್ಟಿನಲ್ಲಿ ಕೇಸು ಹಾಕಿ, ಹೆಂಡತಿಯ ತಪ್ಪು ವಿಳಾಸ ಕೊಟ್ಟು, ನೋಟಿಸು ಮುಟ್ಟದೆ ಡಿಕ್ರಿ ಪಡೆದದ್ದು ತವರಿನಲ್ಲಿದ್ದವಳಿಗೆ ವರ್ಷಗಳ ಮೇಲೆ ಯಾರದೋ ಬಾಯಿಂದ ತಿಳಿಯುತ್ತೆ. ಅದನ್ನು ರದ್ದು ಮಾಡಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ದಾರಿ ಇದೆ. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ವಿಷಯ ತಿಳಿದ ದಿನದಿಂದ 30 ದಿನ. ಆ 30 ದಿನದಲ್ಲಿ ಮೊದಲು ಬೇಕಾಗೋದು ಮತ್ತೆ ಅದೇ ನಕಲು. ಹಾಗಾಗಿ ಕಿವಿಗೆ ಬಿದ್ದ ದಿನವೇ ಕಾಪಿ ಅರ್ಜಿ ಹಾಕಿ, ವಕೀಲರನ್ನು ಕಾಣಿ.

ಮುಸ್ಲಿಂ ಗೆಳೆಯರಿಗೆ ದಾರಿ ಬೇರೆ. ಖಾಜಿಯವರ ಪುಸ್ತಕದಲ್ಲಿ ದಾಖಲಾದದ್ದಕ್ಕೆ ಹೈದರಾಬಾದಿನ ವಕ್ಫ್ ಮಂಡಳಿಯ ಖಜಾತ್ ವಿಭಾಗದಲ್ಲಿ ಪ್ರಮಾಣಪತ್ರ ಕೇಳಬಹುದು. ಹೆಂಡತಿ 1939ರ ಕಾಯ್ದೆಯಡಿ ಕೋರ್ಟಿನಿಂದ ಪಡೆದಿದ್ದರೆ ಮೇಲೆ ಹೇಳಿದ ನಕಲು ವಿಭಾಗವೇ. ಕ್ರೈಸ್ತರಿಗೂ, ರಿಜಿಸ್ಟರ್ ಮದುವೆಯಾದವರಿಗೂ ಕಾಯ್ದೆಯ ಹೆಸರು ಬೇರೆ, ಕೋರ್ಟಿನ ಕಿಟಕಿ ಅದೇ.

ಈಗ ಭಾಷೆಯ ಮಾತಿಗೆ ಬರ್ತೀನಿ. ಆಚೆ ಕಡೆಯ ಕೋರ್ಟಿನ ಡಿಕ್ರಿ ಎಷ್ಟೋ ಸಲ ಕನ್ನಡದಲ್ಲೇ ಇರುತ್ತೆ. ಅದನ್ನು ಈ ಕಡೆ ತಂದರೆ "ಇದು ಬೇರೆ ರಾಜ್ಯದ್ದು, ಇಲ್ಲಿ ನಡೆಯಲ್ಲ" ಅನ್ನುವವರು ಸಿಗ್ತಾರೆ. ನಡೆಯುತ್ತೆ. ಸಂವಿಧಾನದ 261ನೇ ವಿಧಿ ಪ್ರಕಾರ ಒಂದು ರಾಜ್ಯದ ನ್ಯಾಯಾಲಯದ ದಾಖಲೆಗೆ ದೇಶದ ಎಲ್ಲ ಕಡೆ ಪೂರ್ತಿ ಮಾನ್ಯತೆ ಇದೆ. ಅದನ್ನು ತೆಲಂಗಾಣಕ್ಕೆ ವರ್ಗ ಮಾಡಿಸಬೇಕು ಅನ್ನೋದು ಬ್ರೋಕರುಗಳ ಕಥೆ. ಓದೋಕೆ ಬರಲ್ಲ ಅಂದರೆ ಭಾಷಾಂತರ ಕೊಡಿ. ನೋಟರಿ ಕಾಯ್ದೆ 1952ರ 8ನೇ ಕಲಂನಲ್ಲಿ ಭಾಷಾಂತರ ಮಾಡಿ ದೃಢೀಕರಿಸುವ ಅಧಿಕಾರ ನೋಟರಿಗಿದೆ. ಆದರೆ ಕನ್ನಡ, ತೆಲುಗು ಎರಡೂ ಬಲ್ಲ ನೋಟರಿ ಎಷ್ಟು ಜನ ಸಿಗ್ತಾರೆ? ಕೊನೆಗೆ ಆ ಅಕ್ಕನ ಡಿಕ್ರಿಯ ಎರಡು ಪುಟ ತೆಲುಗಿಗೆ ತಂದದ್ದು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದಿದ್ದ ಅವರ ತಮ್ಮನ ಮಗ. ಅವನು ಬರೆದದ್ದನ್ನು ನೋಟರಿ ತಾಳೆ ನೋಡಿ ಸೀಲು ಹಾಕಿದರು. "ಪರಸ್ಪರ ಸಮ್ಮತಿ" ಅನ್ನೋದಕ್ಕೆ ತೆಲುಗಿನಲ್ಲಿ ಏನಂತಾರೆ ಅಂತ ನನ್ನನ್ನು ಫೋನಿನಲ್ಲಿ ಕೇಳಿದ್ದ. ಕನ್ನಡ ಓದಿ ಏನು ಸಿಗುತ್ತೆ ಅಂತ ಅದೇ ಮನೆಯಲ್ಲಿ ಅವನಿಗೆ ಹೇಳುತ್ತಿದ್ದರಂತೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಕೋರ್ಟಿನ ಕಲಾಪ ಕನ್ನಡದಲ್ಲಿ ನಡೆಸಿ ಅಂತ ನಾವು ಕೇಳುತ್ತಿಲ್ಲ. ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಗಡಿ ಮಂಡಲಗಳಿಗೆ ಕನ್ನಡ ಓದಲು ಬರೆಯಲು ಬರುವ ಅರೆಕಾನೂನು ಸ್ವಯಂಸೇವಕರನ್ನು ಕೊಡಲಿ. ಕಾಪಿ ಅರ್ಜಿ ಹೇಗೆ ಹಾಕಬೇಕು, 23(4) ಅಂದರೇನು ಅಂತ ಒಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿ ನ್ಯಾಲ್ಕಲ್, ಝರಾಸಂಗಮ, ಮನೂರು, ಕಂಗ್ಟಿ, ಬಶೀರಾಬಾದ್ ಮಂಡಲ ಕಚೇರಿಗಳಲ್ಲಿ ಅಂಟಿಸಲಿ. ಈ ಮನವಿಯನ್ನು ಕನ್ನಡದಲ್ಲೇ ಬರೆದು ಕೊಡಬಹುದು. ಕುಂದುಕೊರತೆಯ ಮನವಿಯನ್ನು ದೇಶದಲ್ಲಾಗಲಿ ಆ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡುವ ಹಕ್ಕು 350ನೇ ವಿಧಿಯಲ್ಲಿದೆ. (ಅದು ಮನವಿಗೆ ಮಾತ್ರ, ಕೋರ್ಟಿನ ಅರ್ಜಿಗಲ್ಲ. ಕೆಲವರು ಇವೆರಡನ್ನೂ ಕಲಸಿ ಪೋಸ್ಟ್ ಹಾಕ್ತಾರೆ, ಅದರಿಂದ ನಮಗೇ ನಷ್ಟ.) ಸ್ವಯಂಸೇವಕರ ಆಯ್ಕೆಗೆ ಪ್ರಾಧಿಕಾರದವರು ಅರ್ಜಿ ಕರೆದಾಗ ನಮ್ಮ ಹುಡುಗ ಹುಡುಗಿಯರು ಹಾಕಬೇಕು, ಮುಖ್ಯವಾಗಿ ಹುಡುಗಿಯರು. ಇಂಥ ಮಾತನ್ನು ಯಾವ ಅಕ್ಕನೂ ಮೀಸೆ ಬಂದ ಹುಡುಗನ ಮುಂದೆ ಪೂರ್ತಿ ಬಿಚ್ಚೋದಿಲ್ಲ. ನನ್ನ ಮುಂದೆಯೂ ಬಿಚ್ಚಲಿಲ್ಲ, ಪಕ್ಕದ ಕೌಂಟರಿನ ಮೇಡಂ ಹತ್ತಿರ ಹೇಳಿದರು.

ಅಕ್ಕನ ಫೈಲು ಈಗ ಪಿಂಚಣಿ ಕಚೇರಿಯಲ್ಲಿದೆ. ಅರ್ಜಿ ದಾಖಲಾದ ತಾರೀಖು ಅವರ ಅವ್ವ ತೀರುವುದಕ್ಕೆ ಏಳು ತಿಂಗಳು ಮುಂಚಿನದು, ಅದು ನಕಲಿನ ಮೊದಲ ಪುಟದಲ್ಲೇ ಇದೆ. ಒಂದು ತೊಡಕು ಮಾತ್ರ ಬಂತು: ಡಿಕ್ರಿಯಲ್ಲಿ ಅವರ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿದೆ, ಪಿಂಚಣಿ ಪುಸ್ತಕದ ಹೆಸರಿಗೆ ತಾಳೆ ಆಗೋದಿಲ್ಲ. ಇಂಥ ಕೈತಪ್ಪನ್ನು ಯಾವಾಗ ಬೇಕಾದರೂ ತಿದ್ದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂನಲ್ಲಿ ಅವಕಾಶ ಇದೆ, ಅದಕ್ಕೆ ಅರ್ಜಿ ಹಾಕಿದ್ದಾರೆ. ನಿಮ್ಮ ಮನೆಯಲ್ಲಿ ಯಾರ ಕೈಗಾದರೂ ನಕಲು ಬಂದರೆ ಆ ಕಿಟಕಿಯ ಮುಂದೆಯೇ ನಿಂತು ಹೆಸರು, ತಂದೆಯ ಹೆಸರು, ಊರು, ತಾರೀಖು, ಪ್ರತಿ ಪುಟದ ಸೀಲು ನೋಡಿಕೊಳ್ಳಿ. ಆಮೇಲೆ ಮೂಲ ನಕಲನ್ನು ಯಾರಿಗೂ ಕೊಡಬೇಡಿ, ಎರಡನೇ ಪ್ರತಿ ಅವತ್ತೇ ತೆಗೆಸಿಡಿ.